ಅತ್ತಿಗೆಯವರ ಜೊತೆ ದೂರದ ಸವಾರಿ

ಸಾಯುವ ಹಾಗಿರುವವರ ಮುಂದೆ ಯಾವುದಕ್ಕೂ 'ಆಗಲಿ' ಅನ್ನುವುದು ಸುಲಭ. ಗಾಜು ಕೆಟ್ಟದ್ದು ಆ ಸುಲಭದಿಂದಲೇ.

ಗಾಜು ಎಂಬುದು ಅವನ ಹೆಸರಲ್ಲ. ಪೇಟೆಬೀದಿಯ ಮೂಲೆಯಲ್ಲಿ ಅವನದೊಂದು ಕನ್ನಡಕದಂಗಡಿ. ಇಡೀ ಊರಿನ ಕಣ್ಣಿಗೆ ಗಾಜು ತಿಕ್ಕಿ ಕೊಡುವವನಿಗೆ ತನ್ನ ಕನ್ನಡಕ ತೆಗೆದರೆ ಎದುರಿಗಿರುವುದು ಕಂಬವೋ ಹೆಂಡತಿಯೋ ತಿಳಿಯುತ್ತಿರಲಿಲ್ಲ. ಕಡ್ಡಿಯಂಥ ಕೈಕಾಲು, ಜೋರಾಗಿ ಸೀನಿದರೆ ಹಿಂದಕ್ಕೆ ಹೋಗುವಂಥ ಮೈ. ಮದುವೆಯ ದಿನ ಮಾವ ಅವನನ್ನು ಮೇಲಿಂದ ಕೆಳಗೆ ನೋಡಿ, "ಗಾಜಿನ ಸಾಮಾನು ಇದ್ದ ಹಾಗಿದೆ, ಜೋಪಾನವಾಗಿ ಇಳಿಸ್ಕೊಳ್ಳಿ" ಅಂದಿದ್ದರು. ಆವತ್ತಿನಿಂದ ಬೀದಿಗೆಲ್ಲ ಅವನು ಗಾಜು.

ಮಾವ ಕುದುರೆ ಪೊಲೀಸ್ ದಳದಿಂದ ನಿವೃತ್ತರಾದವರು. ನಿವೃತ್ತಿಯಾದದ್ದು ಅವರಿಗೆ ಮಾತ್ರ, ಗಂಟಲು ಇನ್ನೂ ನೌಕರಿಯಲ್ಲೇ ಇತ್ತು. ಮನೆಯ ಹಿಂದಿನ ಲಾಯದಲ್ಲಿ ಅವರದೊಂದು ಕಂದು ಬಣ್ಣದ ಹೆಣ್ಣು ಕುದುರೆ. "ನನಗೆ ಇಬ್ರು ಹೆಣ್ಣುಮಕ್ಕಳು. ಚಿಕ್ಕವಳನ್ನ ಗಾಜಿಗೆ ಕೊಟ್ಟೆ. ದೊಡ್ಡವಳಿಗೆ ಅವಳ ಯೋಗ್ಯತೆಗೆ ತಕ್ಕ ಗಂಡು ಸಿಗಲಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗಾಗಿ ಸಂಬಂಧದಲ್ಲಿ ಆ ಕುದುರೆ ಗಾಜುವಿಗೆ ಅತ್ತಿಗೆಯಾಗಬೇಕು. ಅವನು ಆದಷ್ಟೂ ಅವಳ ಹತ್ತಿರ ಹೋಗುತ್ತಿರಲಿಲ್ಲ. ಹೋಗಲೇಬೇಕಾದಾಗ ಬಹುವಚನದಲ್ಲಿ ಮಾತಾಡಿಸುತ್ತಿದ್ದ.

ಪ್ರತಿ ವರ್ಷ ಚಳಿಗಾಲದ ಕೊನೆಗೆ ಆ ಊರಿನಲ್ಲಿ ದೂರದ ಸವಾರಿಯ ಸ್ಪರ್ಧೆ. ಊರಾಚೆಯ ಮೈದಾನದಿಂದ ಹೊರಟು, ಕಲ್ಲುಬಯಲು ಹತ್ತಿ, ಕಣಿವೆ ಇಳಿದು, ಹೊಳೆ ದಾಟಿ, ಕತ್ತಲಾಗುವುದರೊಳಗೆ ಮತ್ತೆ ಮೈದಾನ ಸೇರಬೇಕು. ನಡುವೆ ಮೂರು ತಂಗುದಾಣ. ಅಲ್ಲಿ ಪಶುವೈದ್ಯೆ ಕುದುರೆಯ ಎದೆಬಡಿತ ನೋಡಿ, ಕಾಲು ಒತ್ತಿ ನೋಡಿ, ಎಲ್ಲ ಸರಿಯಿದ್ದರೆ ಮಾತ್ರ ಮುಂದಕ್ಕೆ ಬಿಡುತ್ತಾಳೆ. ಮಾವ ಈ ಸವಾರಿಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ, ಸ್ಪರ್ಧೆಯ ಹಿಂದಿನ ದಿನ ಮಾತೇ ತೊದಲತೊಡಗಿತು. ಡಾಕ್ಟರು ಗಾಜುವನ್ನು ಬಾಗಿಲಾಚೆ ಕರೆದು, "ಏನೂ ಹೇಳೋಕಾಗಲ್ಲ. ಅವರು ಕೇಳಿದ್ದಕ್ಕೆಲ್ಲ ಹೂಂ ಅನ್ನಿ, ಮನಸ್ಸಿಗೆ ಬೇಜಾರು ಮಾಡ್ಬೇಡಿ" ಅಂದರು.

ಗಾಜು ಒಳಗೆ ಹೋಗಿ ಹಾಸಿಗೆಯ ಪಕ್ಕದಲ್ಲಿ ಕೂತ. ಮಾವ ಅವನ ಮಣಿಕಟ್ಟು ಹಿಡಿದರು. ಕೈ ಕೆಂಡದಂತೆ ಸುಡುತ್ತಿತ್ತು.

"ಗಾಜು, ನಾಳೆ ದೊಡ್ಡವಳನ್ನ ನೀನೇ ಕರ್ಕೊಂಡು ಹೋಗ್ಬೇಕು."

ಎಲ್ಲಿಗೆ ಎಂದು ಅವನು ಕೇಳಲಿಲ್ಲ. ನೀರು ಕುಡಿಸಲು ಕೆರೆಗಿರಬಹುದು ಅಂದುಕೊಂಡ. "ಆಗಲಿ ಮಾವ" ಅಂದ.

ಮಾವನ ಕಣ್ಣಂಚಿನಲ್ಲಿ ನೀರು ತುಂಬಿತು. ಅಷ್ಟು ವರ್ಷಗಳಲ್ಲಿ ಅವನ ಒಂದು ಮಾತು ಅವರಿಗೆ ಹಿಡಿಸಿದ್ದು ಅದೇ ಮೊದಲು. ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಕ್ಷೌರಿಕನಿಗೆ ಮಾತ್ರ ಎಲ್ಲ ಅರ್ಥವಾಯಿತು. ಮಾವನ ಗಡ್ಡ ತೆಗೆಯಲು ಬಂದಿದ್ದ ಅವನು ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಬೀದಿಗೆ ಇಳಿದ. ಗಾಜು ಕೈಕಾಲು ತೊಳೆದು ಬರುವಷ್ಟರಲ್ಲಿ ಎದುರುಮನೆಯ ಟೀಚರಮ್ಮ ನಡುಮನೆಯಲ್ಲಿ ನಿಂತಿದ್ದರು. ಅವರು ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಅವರನ್ನು ಕಂಡರೆ ಬೀದಿಯ ನಡುವಯಸ್ಸಿನ ಗಂಡಸರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ನೋಡಪ್ಪ, ನೀನು ಇಂಥ ಗಂಡಸು ಅಂತ ನಾನು ಅಂದ್ಕೊಂಡಿರಲಿಲ್ಲ. ಮಾವನ ಕೊನೇ ಆಸೆ ನಡೆಸ್ತೀಯಂತೆ. ನಾಳೆ ಸವಾರಿಗೆ ಹೊರಟಿದೀಯಂತೆ."

ಗಾಜು ಬಾಯಿ ತೆರೆದ. ಒಳಗಿನಿಂದ ಮಾವನ ಕೆಮ್ಮು ಕೇಳಿಸಿತು. ಬಾಯಿ ಮುಚ್ಚಿದ.

ಬೆಳಿಗ್ಗೆ ಏಳುವಾಗ ಆಕಾಶ ಹಳೆಯ ತಗಡಿನ ಹಾಗಿತ್ತು. ಮಾವ ಕಣ್ಣು ಮುಚ್ಚಿ, ಗೊರಗೊರ ಉಸಿರು ಬಿಡುತ್ತ ಮಲಗಿದ್ದರು. ಲಾಯದ ಮುಂದೆ ಬೀದಿಗೆ ಬೀದಿಯೇ ಸೇರಿತ್ತು. ಕ್ಷೌರಿಕ ತನ್ನ ದಪ್ಪ ಬೂಟು ತಂದಿದ್ದ. ಅದರೊಳಗೆ ಗಾಜುವಿನ ಕಾಲು ಬಾವಿಗೆ ಬಿದ್ದ ಬಿಂದಿಗೆಯಂತೆ ಸದ್ದು ಮಾಡುತ್ತಿತ್ತು. ಟೀಚರಮ್ಮ ತೀರಿಹೋದ ಗಂಡನ ಉಣ್ಣೆಯ ಉದ್ದ ಕೋಟು ತಂದು ತೊಡಿಸಿದರು. ಅದು ಹಿಮ್ಮಡಿ ಮುಟ್ಟಿತು. ಜನ ಅವನನ್ನು ಎತ್ತಿ ಜೀನಿನ ಮೇಲೆ ಇಟ್ಟರು. ಇಟ್ಟರು ಅನ್ನುವುದೇ ಸರಿ, ಅದರಲ್ಲಿ ಅವನ ಪಾಲೇನೂ ಇರಲಿಲ್ಲ. ಅತ್ತಿಗೆ ಕತ್ತು ತಿರುಗಿಸಿ ಬೆನ್ನ ಮೇಲೆ ಏನಿದೆ ಎಂದು ನೋಡಿದಳು. ಮನೆಗೆ ಬೇಡದ ನೆಂಟರು ಬಂದಾಗ ನೋಡುವ ನೋಟ.

ಹೆಂಡತಿ ಅವನ ಕಾಲಿಡುವ ರಿಕಾಪು ಸರಿಪಡಿಸುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು. "ರೀ, ಮೊದಲನೇ ತಂಗುದಾಣಕ್ಕೆ ಹೋಗಿ, ಆಗಲ್ಲ ಅಂತ ಹೇಳಿ ಬಂದ್ಬಿಡಿ. ನೀವು ಹೊರಟ್ರಿ ಅಂತ ಗೊತ್ತಾದ್ರೆ ಸಾಕು, ಅಪ್ಪ ನೆಮ್ಮದಿಯಾಗಿ..."

ಮೈದಾನದಲ್ಲಿ ಬಾವುಟ ಬೀಳುತ್ತಿದ್ದಂತೆ ಕುದುರೆಗಳೆಲ್ಲ ಚಿಮ್ಮಿದವು. ಅತ್ತಿಗೆ ಚಿಮ್ಮಲಿಲ್ಲ. ತರಕಾರಿ ತರಲು ಹೊರಟವಳಂತೆ ನಿಧಾನವಾಗಿ ನಡೆದಳು. ಅಷ್ಟಕ್ಕೇ ಗಾಜು ಅವಳ ಕತ್ತನ್ನು ತಬ್ಬಿಕೊಂಡ. ಮುಂದೆ ಬಯಲು ಬಂದಾಗ ಅವಳು ಸಣ್ಣ ಓಟಕ್ಕೆ ತೊಡಗಿದಳು. ಅವಳು ಏರಿದಾಗ ಅವನು ಇಳಿಯುತ್ತಿದ್ದ, ಅವನು ಏರುವಾಗ ಅವಳು ಇಳಿಯುತ್ತಿದ್ದಳು. ಇಬ್ಬರೂ ಪ್ರತಿ ಸಲ ನಡುದಾರಿಯಲ್ಲಿ ಸಂಧಿಸುತ್ತಿದ್ದರು. "ಅತ್ತಿಗೆ, ಸ್ವಲ್ಪ ನಿಧಾನ ಮಾಡಿ. ನಾವೇನೂ ಗೆಲ್ಬೇಕಾಗಿಲ್ಲ" ಎಂದು ಅವನು ಅವಳ ಕಿವಿಯಲ್ಲಿ ಬೇಡಿಕೊಂಡ. ಹೇಗೆ ಕೂರಬೇಕೆಂದು ಹೇಳಿಕೊಡುವವರಿಗೆ ದಾರಿಯುದ್ದಕ್ಕೂ ಬರವಿರಲಿಲ್ಲ. ಬೇಲಿಯಾಚೆ ನಿಂತಿದ್ದ ಹಾಲಿನವನು ಮಂಡಿ ಒತ್ತು ಅಂದ, ಪೋಸ್ಟ್‌ಮ್ಯಾನ್ ಮಂಡಿ ಬಿಡು ಅಂದ. ಗಾಜು ಇಬ್ಬರ ಮಾತನ್ನೂ ಕೇಳಿ ಒಂದು ಮಂಡಿ ಒತ್ತಿ ಇನ್ನೊಂದನ್ನು ಬಿಟ್ಟ. ಅತ್ತಿಗೆ ಪಕ್ಕದ ಮುಳ್ಳುಪೊದೆಯನ್ನು ಸುತ್ತಿ ಬಂದಳು.

ಮಳೆ ಶುರುವಾಯಿತು. ಮಳೆಯ ಜೊತೆ ಹರಳಿನಂಥ ಆಲಿಕಲ್ಲು.

ಮೊದಲ ತಂಗುದಾಣ ತಲುಪಿದಾಗ ಅವನು ಒಳತೊಡೆಯ ಚರ್ಮವನ್ನು ಬಹುಪಾಲು ದಾರಿಯಲ್ಲೇ ಬಿಟ್ಟು ಬಂದಿದ್ದ. ಇಳಿಯಲು ಬಾರದೆ ಜಾರಿ ಬಿದ್ದ. ಪಶುವೈದ್ಯೆ ಅವನನ್ನು ದಾಟಿ ಹೋಗಿ ಅತ್ತಿಗೆಯ ಎದೆಗೆ ಸ್ಟೆತಾಸ್ಕೋಪು ಇಟ್ಟಳು. "ಗಡಿಯಾರದ ಹಾಗಿದೆ. ಹೋಗಬಹುದು" ಅಂದಳು.

"ನಾನು ಇಲ್ಲಿಗೇ ಬಿಡ್ತೀನಿ" ಎಂದು ಗಾಜು ಕೆಸರಿನಿಂದಲೇ ಹೇಳಿದ.

ಅಷ್ಟರಲ್ಲಿ ಪೇಟೆಬೀದಿಯ ಬೇಕರಿಯ ವ್ಯಾನು ಬಂದು ನಿಂತಿತು. ಒಳಗಿಂದ ಕ್ಷೌರಿಕನೂ ಟೀಚರಮ್ಮನೂ ಇಳಿದರು. ಟೀಚರಮ್ಮ ಅವನ ತೋಳು ಹಿಡಿದು ಎಬ್ಬಿಸಿದರು.

"ನಿನ್ನ ಮಾವ ಕಣ್ಣು ಬಿಟ್ರಪ್ಪ. ಬಿಟ್ಟವರೇ ಕೇಳಿದ್ದು ಒಂದೇ ಮಾತು, 'ಗಾಜು ಎಲ್ಲಿಗೆ ಬಂದ?' ಅಂತ. ಈಗ ನಾನು ಹೋಗಿ ಏನು ಹೇಳ್ಲಿ? ಕೆಸರಲ್ಲಿ ಕೂತಿದಾನೆ ಅನ್ಲಾ?"

"ಟೀಚರಮ್ಮ, ನನ್ನ ಕೈಲಿ..."

"ನೀನು ಮುಂದೆ ಹೋಗ್ತಿದೀಯ ಅನ್ನೋ ಸುದ್ದಿ ಮೇಲೇ ಅವರ ಜೀವ ನಿಂತಿದೆ" ಅಂದ ಕ್ಷೌರಿಕ. "ನೀವು ನಿಂತ್ರೆ ಅದೂ ನಿಲ್ಲತ್ತೆ ಗಾಜಣ್ಣ. ಆಮೇಲೆ ನಿಮ್ಮಿಷ್ಟ."

ಒಬ್ಬ ಮನುಷ್ಯನನ್ನು ಕೊಂದ ಅಳಿಯ ಎಂದು ಹೆಸರು ಹೊತ್ತು ಅದೇ ಬೀದಿಯಲ್ಲಿ ಕನ್ನಡಕ ಮಾರುವುದು ಹೇಗೆ? ಜನ ಮತ್ತೆ ಅವನನ್ನು ಎತ್ತಿ ಜೀನಿನ ಮೇಲಿಟ್ಟರು.

ಕಲ್ಲುಬಯಲಿಗೆ ಹತ್ತಿದ ಮೇಲೆ ಗಾಳಿಗೆ ತಡೆಯೇ ಇರಲಿಲ್ಲ. ಅದು ನೇರವಾಗಿ ಬಂದು ಮುಖದ ಚರ್ಮ ಸುಲಿಯುತ್ತಿತ್ತು. ಟೀಚರಮ್ಮನ ಗಂಡನ ಕೋಟು ನೀರು ಕುಡಿದು ಕುಡಿದು ಎಮ್ಮೆಯಷ್ಟು ಭಾರವಾಯಿತು. ಆ ಪುಣ್ಯಾತ್ಮನೇ ಎದ್ದು ಬಂದು ಹಿಂದೆ ಕೂತಂತಿತ್ತು. ಕನ್ನಡಕದ ಮೇಲೆ ಮಂಜು ಕಟ್ಟಿತು. ಒರೆಸಿದರೆ ಬಟ್ಟೆಯ ನೀರು ಅಂಟಿತು. ದಾರಿ ಕಾಣುತ್ತಿದ್ದದ್ದು ಅತ್ತಿಗೆಗೆ ಮಾತ್ರ. ಅವಳು ಪ್ರತಿ ಕಲ್ಲನ್ನೂ ಮೂಸಿ, ಯೋಚಿಸಿ, ಗೊರಸು ಊರುತ್ತಿದ್ದಳು. ಸವಾರಿ ಅರ್ಧಕ್ಕೇ ಬಿಟ್ಟವರು ಪಕ್ಕದಲ್ಲೇ ವಾಪಸ್ಸು ಬರುತ್ತಿದ್ದರು. ಒಬ್ಬನ ಕುದುರೆ ಕುಂಟುತ್ತಿತ್ತು. ಇನ್ನೊಬ್ಬ ಕುದುರೆಯ ಕತ್ತಿನ ಮೇಲೆ ಬಿದ್ದುಕೊಂಡಿದ್ದ, ಲಗಾಮನ್ನು ಬೇರೆ ಯಾರೋ ಹಿಡಿದಿದ್ದರು.

ಬಯಲಿನ ಆಚೆಯ ಅಂಚಿನಲ್ಲಿ ಒಂದು ಕಪ್ಪು ಗುಡ್ಡೆ ಕಂಡಿತು. ಹತ್ತಿರ ಹೋದಾಗ ಅದು ಕುದುರೆ ಎಂದು ತಿಳಿಯಿತು. ಕಳೆದ ವರ್ಷ ಗೆದ್ದವನ ಗಂಡು ಕುದುರೆ. ಎರಡು ಬಂಡೆಗಳ ನಡುವಿನ ಸಂದಿಗೆ ಕಾಲು ಸಿಕ್ಕಿ ಮೊಣಕಾಲಿನ ಕೆಳಗೆ ಮುರಿದಿತ್ತು. ಮೂಳೆ ಹೊರಗೆ ಬಂದಿತ್ತು. ಅದು ಕೂಗುತ್ತಿರಲಿಲ್ಲ, ಪದೇ ಪದೇ ಏಳಲು ನೋಡುತ್ತಿತ್ತು. ಗೆದ್ದವನು ಕಲ್ಲಿನ ಮೇಲೆ ಕೂತು ಅದರ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದ. ಪಶುವೈದ್ಯೆಯ ಜೀಪು ದೂರದಲ್ಲಿ ಕುಲುಕುತ್ತ ಬರುತ್ತಿತ್ತು.

ಗಾಜು ಇಳಿದ. ಈ ಸಲ ಬೀಳಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಕೋಟು ಬಿಚ್ಚಿ ಆ ಕುದುರೆಯ ಮೇಲೆ ಹೊದಿಸಿದ. ಒಂದು ತುದಿಯಿಂದ ಅದರ ಕಣ್ಣಿಗೆ ಮಳೆ ಬೀಳದ ಹಾಗೆ ಮರೆ ಹಿಡಿದ. ವೈದ್ಯೆ ಬಂದು ಸೂಜಿ ಚುಚ್ಚುವವರೆಗೂ ಹಾಗೇ ಹಿಡಿದಿದ್ದ. ಕೋಟಿನ ಕೆಳಗೆ ಉಸಿರು ಒಂದು ಸಲ ಉದ್ದಕ್ಕೆ ಬಂತು, ಮತ್ತೆ ಬರಲಿಲ್ಲ.

"ಹೋಗಿ" ಅಂದ ಗೆದ್ದವನು, ತಲೆಯೆತ್ತದೆ. "ನಿಂತ್ರೆ ನಿಮ್ಮ ಕುದುರೆ ತಣ್ಣಗಾಗತ್ತೆ. ಹೋಗಿ ಸ್ವಾಮಿ."

ಗಾಜು ಕೋಟನ್ನು ಅಲ್ಲೇ ಬಿಟ್ಟು, ಅತ್ತಿಗೆಯ ಲಗಾಮು ಹಿಡಿದು ಬಹಳ ದೂರ ನಡೆದೇ ಹೋದ. ಹತ್ತಲು ಮನಸ್ಸಾಗಲಿಲ್ಲ. ನಡುವೆ ಒಂದು ಸಲ ನಿಂತು ಅವಳ ನಾಲ್ಕು ಕಾಲನ್ನೂ ಮುಟ್ಟಿ ನೋಡಿದ. ಅವಳು ಒದೆಯಲಿಲ್ಲ.

ಎರಡನೆಯ ತಂಗುದಾಣದಲ್ಲಿ ಬೇಕರಿಯ ವ್ಯಾನು ಮೊದಲೇ ಬಂದು ನಿಂತಿತ್ತು. ಈ ಸಲ ಅದರೊಳಗಿಂದ ಅವನ ಹೆಂಡತಿಯೂ ಇಳಿದಳು. ಅವಳ ಕಣ್ಣು ಕೆಂಪಗೆ ಊದಿಕೊಂಡಿತ್ತು.

"ನೀನು ಇಲ್ಲಿ? ಮಾವನ ಹತ್ರ ಯಾರಿದಾರೆ?"

ಅವಳು ಟೀಚರಮ್ಮನ ಮುಖ ನೋಡಿದಳು. ಟೀಚರಮ್ಮ ನೆಲ ನೋಡಿದರು.

"ಈಗ ಅಲ್ಲಿ ಯಾರೂ ಇರ್ಬೇಕಾಗಿಲ್ಲ" ಅಂದಳು ಹೆಂಡತಿ.

"ಅಂದ್ರೆ? ಹೇಗಿದಾರೆ?"

"ಇನ್ನು ಅಪ್ಪನ ಚಿಂತೆ ಮಾಡ್ಬೇಡಿ. ನೀವು ಮುಗಿಸ್ಕೊಂಡು ಬನ್ನಿ." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು. ಅವಳ ಹೆಗಲು ಅಲುಗುತ್ತಿತ್ತು.

ಗಾಜು ಕ್ಷೌರಿಕನ ಕಡೆ ನೋಡಿದ. ಅವನ ಕೈಯಿಂದ ಸೋಪಿನ ವಾಸನೆ ಬರುತ್ತಿತ್ತು. "ಮಾವಂಗೆ ಗಡ್ಡ ತೆಗೆದ್ಯಾ?"

"ಆಯ್ತಣ್ಣ. ನುಣ್ಣಗೆ ತೆಗೆದಿದೀನಿ. ಯಾವಾಗ್ಲೂ ಬೈತಿದ್ರು, ಇವತ್ತು ಒಂಚೂರೂ ಅಲುಗಾಡ್ಲಿಲ್ಲ ನೋಡಿ..."

ಟೀಚರಮ್ಮ ಕ್ಷೌರಿಕನ ಕಾಲು ತುಳಿದರು. ವ್ಯಾನಿನ ಹಿಂಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಡಚುವ ಕುರ್ಚಿಗಳನ್ನು ಒಟ್ಟಿದ್ದರು. ಮದುವೆಗೋ ಸಾವಿಗೋ ಬೀದಿಯವರು ಬಾಡಿಗೆಗೆ ತರುವ ಕುರ್ಚಿಗಳು. ಬೀದಿಯಲ್ಲಿ ಯಾರ ಮದುವೆಯೂ ಇರಲಿಲ್ಲ.

ಅವನಿಗೆ ಅರ್ಥವಾಗಿತ್ತು. ಸುದ್ದಿ ಹೇಳಿದರೆ ತಾನು ಅರ್ಧಕ್ಕೇ ಕುಸಿಯುತ್ತೇನೆ ಎಂದು ಮೂವರೂ ಸೇರಿ ಮುಚ್ಚಿಡುತ್ತಿದ್ದಾರೆ. ಇಷ್ಟು ದಿನ ತನ್ನ ಅಡುಗೆಮನೆಯ ಡಬ್ಬಿಗಳವರೆಗೂ ಮೂಗು ತೂರಿಸುತ್ತಿದ್ದ ಜನ ಇವತ್ತು ಒಂದು ಸಾವನ್ನು ಒಳಗೇ ನುಂಗಿಕೊಂಡು ನಿಂತಿದ್ದಾರೆ. ಅವನಿಗೆ ಅವರ ಮೇಲೆ ಗೌರವ ಬಂತು. ಗೊತ್ತಾಗಿದೆ ಎಂದು ತೋರಿಸಿಕೊಳ್ಳಬಾರದು ಅಂದುಕೊಂಡ. ಪಶುವೈದ್ಯೆ "ಹೋಗಬಹುದು" ಅನ್ನುತ್ತಲೇ ಬಂಡೆಯೊಂದಕ್ಕೆ ಹತ್ತಿ, ಯಾರ ಸಹಾಯವೂ ಇಲ್ಲದೆ, ತಾನಾಗಿಯೇ ಜೀನಿನ ಮೇಲೆ ಕೂತ. ನೋಡುತ್ತಿದ್ದ ಮೂವರೂ ಬೆರಗಾದರು.

ಕಣಿವೆಯ ಇಳಿಜಾರಿನಲ್ಲಿ ಜನ ಕಣ್ಣಿಗೆ ಮರೆಯಾದ ಮೇಲೆ ಅವನು ಹೇಳಿದ. "ಅತ್ತಿಗೆ, ನಿಮ್ಮಪ್ಪ ಹೋದ್ರು."

ಅತ್ತಿಗೆಯ ಕಿವಿ ಹಿಂದಕ್ಕೆ ತಿರುಗಿತು. ಅಷ್ಟೇ ಸಾಕಾಯಿತು. ಗಾಜು ಅಳತೊಡಗಿದ. ಹಿಂದೊಮ್ಮೆ ಮಾವನಿಗೆ ಪತ್ರಿಕೆಯ ಅಕ್ಷರ ಕಾಣದಾದಾಗ ಅವರು ಅದನ್ನು ಒಪ್ಪಿಕೊಳ್ಳದೆ, ಈಗ ಅಚ್ಚೇ ಸರಿಯಿಲ್ಲ ಎಂದು ಬೈಯುತ್ತಿದ್ದರು. ಅವನು ಅವರಿಗೆ ತಿಳಿಯದಂತೆ ಅವರ ಹಳೆಯ ಚೌಕಟ್ಟಿಗೆ ಹೊಸ ಗಾಜು ಕೂರಿಸಿಟ್ಟಿದ್ದ. ಮಾರನೆಯ ದಿನದಿಂದ ಮಾವ ಜಗಲಿಯಲ್ಲಿ ಕೂತು ಇಡೀ ಬೀದಿಗೆ ಕೇಳುವಂತೆ ಪತ್ರಿಕೆ ಓದತೊಡಗಿದರು. ಅಚ್ಚು ಸುಧಾರಿಸಿದೆ ಅಂದರು. ಆ ವಾರ ಅವನ ಅಂಗಡಿಯ ಮೇಜಿನ ಮೇಲೆ ಒಂದು ಚೀಲ ಸೇಬು ಇತ್ತು. ಇಟ್ಟವರು ಯಾರೆಂದು ಇಬ್ಬರೂ ಯಾವತ್ತೂ ಮಾತಾಡಲಿಲ್ಲ. "ನಾನು ಕೇಳ್ಬೇಕಿತ್ತು ಅತ್ತಿಗೆ. ಸೇಬು ಚೆನ್ನಾಗಿತ್ತು ಅಂತ ಒಂದು ಮಾತು ಹೇಳ್ಬೇಕಿತ್ತು" ಅಂದ. ಮಳೆ ಯಾವುದು ಕಣ್ಣೀರು ಯಾವುದು ಎಂದು ಬೇರೆ ಮಾಡುವಂತಿರಲಿಲ್ಲ. ಮೂಗು ಮಾತ್ರ ನಿಶ್ಚಯವಾಗಿ ಅವನದೇ ಸುರಿಯುತ್ತಿತ್ತು.

ಹೊಳೆ ಕೆಂಪಗೆ ಉಕ್ಕುತ್ತಿತ್ತು. ದಾಟುವ ಕಡೆ ಹಗ್ಗ ಕಟ್ಟಿದ್ದರು. ನಡುಹೊಳೆಯಲ್ಲಿ ಒಂದು ಮರದ ಕೊಂಬೆ ತೇಲಿಬಂದು ಗಾಜುವನ್ನು ಜೀನಿನಿಂದ ಸಲೀಸಾಗಿ ಕಿತ್ತು ಪಕ್ಕಕ್ಕಿಟ್ಟಿತು. ಅವನು ಮುಳುಗಿದ. ಬಾಯಿಯಲ್ಲಿ ಮಣ್ಣು, ಕಿವಿಯಲ್ಲಿ ಗುಡುಗು. ಕೈಗೆ ಏನೋ ಒರಟಾದ ಕೂದಲು ಸಿಕ್ಕಿತು. ಹಿಡಿದುಕೊಂಡ. ಅದು ಅತ್ತಿಗೆಯ ಬಾಲ. ಅವಳು ಹಿಂತಿರುಗಿ ನೋಡದೆ, ಒಂದೊಂದೇ ಹೆಜ್ಜೆಯಾಗಿ, ಅವನನ್ನು ಒದ್ದೆ ಬಟ್ಟೆಯ ಗಂಟಿನಂತೆ ಎಳೆದುಕೊಂಡು ಆಚೆ ದಡಕ್ಕೆ ಹತ್ತಿದಳು. ಕನ್ನಡಕ ಹೊಳೆಯ ಪಾಲಾಗಿತ್ತು. ಗಾಜು ದಡದಲ್ಲಿ ಮಂಡಿಯೂರಿ ನೀರು ಕಾರಿದ. ಎದ್ದು ಕೈ ಚಾಚಿದಾಗ ಬೆಚ್ಚನೆಯ ಮೂತಿಯೊಂದು ಅಂಗೈಗೆ ತಗುಲಿತು.

ಮೂರನೆಯ ತಂಗುದಾಣದಲ್ಲಿ ಎಲ್ಲವೂ ಬಣ್ಣದ ಮೋಡ. ಒಂದು ಮೋಡ ಮೈಕು ಹಿಡಿದು ಬಂದವರ ವಿವರ ಸಾರುತ್ತಿತ್ತು. ಅದು ಮೈದಾನದ ಧ್ವನಿವರ್ಧಕದಲ್ಲಿ, ಅಲ್ಲಿ ಕಾಯುತ್ತಿದ್ದ ಜನರಿಗೂ ಕೇಳಿಸುತ್ತಿತ್ತು. ಬಿಳಿಯ ಮೋಡ, ಅಂದರೆ ಪಶುವೈದ್ಯೆ, ಅತ್ತಿಗೆಯನ್ನು ಪರೀಕ್ಷೆ ಮಾಡಿ ಮುಗಿಸಿ ಅವನ ಹತ್ತಿರ ಬಂದಳು.

"ಕುದುರೆ ಚೆನ್ನಾಗಿದೆ. ನಿಮ್ಮ ತುಟಿ ನೀಲಿಯಾಗಿದೆ. ಸಾಕು ಬಿಡಿ, ಯಾರೂ ಏನೂ ಅನ್ನಲ್ಲ."

ಬೆಳಗಿನಿಂದ ಅವನು ಕಾಯುತ್ತಿದ್ದ ಮಾತು ಅದು. ಬಂದಾಗ ಬೇಡವಾಗಿತ್ತು.

"ಇಲ್ಲಮ್ಮ, ಹೋಗ್ತೀನಿ" ಅಂದ ಗಾಜು. ಮೈಕಿನವನು ಹತ್ತಿರ ಬಂದ. "ನನ್ನ ಮಾವ ಈ ದಾರೀಲಿ ಒಂದು ವರ್ಷಾನೂ ತಪ್ಪದೆ ಹೋದವರು. ಅವರಿದ್ದಾಗ ನಾನು ಒಂದು ದಿನ ಈ ಕುದುರೆ ಮೈ ಮುಟ್ಟಲಿಲ್ಲ. ಎಲ್ಲರ ಮುಂದೆ ಹೇಳ್ತಾ ಇದೀನಿ, ಇವತ್ತು ಮಾತ್ರ ಅಲ್ಲ. ನಾನು ಬದುಕಿರೋವರೆಗೆ ಪ್ರತಿ ವರ್ಷ ಅವರ ಹೆಸರಲ್ಲಿ ಈ ಸವಾರಿ ಮಾಡ್ತೀನಿ. ಮಳೆ ಬರ್ಲಿ, ಬಿಸಿಲು ಬರ್ಲಿ. ಇದು ನನ್ನ ಮಾತು."

ಸುತ್ತಲಿನ ಜನ ಚಪ್ಪಾಳೆ ತಟ್ಟಿದರು. ಎಲ್ಲೋ ಪಕ್ಕದಲ್ಲಿ ಕ್ಷೌರಿಕನ ದನಿ, "ಗಾಜಣ್ಣ, ಅದು ಹಾಗಲ್ಲ, ಸ್ವಲ್ಪ..." ಎಂದು ಶುರುವಾಗಿ, ಕಾಲು ತುಳಿಸಿಕೊಂಡವನ ನರಳಾಟದಲ್ಲಿ ಮುಗಿಯಿತು. "ಹೊರಡಪ್ಪ, ಬೆಳಕು ಹೋಗ್ತಾ ಇದೆ" ಅಂದರು ಟೀಚರಮ್ಮ.

ಕೊನೆಯ ದಾರಿಯನ್ನು ಅವನು ನಡೆದೇ ಮುಗಿಸಿದ. ಅತ್ತಿಗೆ ದಣಿದು ಎಡವುತ್ತಿದ್ದಳು. ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವಳ ಕತ್ತಿನ ಮೇಲೆ ಕೈ ಹಾಕಿಕೊಂಡು, ಅವಳು ಎಡವಿದ ಕಡೆ ತಾನು ಆಸರೆಯಾಗಿ, ತಾನು ಎಡವಿದ ಕಡೆ ಅವಳಿಗೆ ಜೋತುಬಿದ್ದು ಸಾಗಿದ. ಬೂಟು ಎಲ್ಲಿ ಕಳಚಿತೋ ತಿಳಿಯದು. ಹೊರಟವರಲ್ಲಿ ಮುಕ್ಕಾಲು ಪಾಲು ದಾರಿಯಲ್ಲೇ ಉಳಿದಿದ್ದರು. ಮೈದಾನದ ಬೇಲಿ ದಾಟುವಾಗ ಅವನು ಎಲ್ಲರಿಗಿಂತ ಕೊನೆಯವನು, ಬೆಳಕು ಅವನಿಗಿಂತ ಒಂದು ಹೆಜ್ಜೆ ಮಾತ್ರ ಹಿಂದಿತ್ತು.

ಮಸುಕಿನಲ್ಲಿ ಸಾಲಾಗಿ ಕುರ್ಚಿಗಳು ಕಂಡವು. ಹೆಣವನ್ನು ಮೈದಾನಕ್ಕೇ ತಂದಿದ್ದಾರೆ ಅಂದುಕೊಂಡ. ನಡುವಿನ ಕುರ್ಚಿಯ ಮೇಲೆ ಕಂಬಳಿಯ ದೊಡ್ಡ ರಾಶಿ. ಅವನು ಅದರ ಮುಂದೆ ನಿಂತು ತಲೆ ತಗ್ಗಿಸಿದ.

"ಏ ಗಾಜು" ಅಂದಿತು ಕಂಬಳಿ. "ಲಗಾಮನ್ನ ಚೀಲದ ಹಗ್ಗ ಹಿಡಿದಂಗೆ ಹಿಡಿದಿದೀಯಲ್ಲೋ."

ಗಾಜು ಲಗಾಮು ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಎಡವಿದ. ಹೆಂಡತಿ ಓಡಿಬಂದು ಹಿಡಿದುಕೊಂಡಳು.

"ಮಾವ... ಹೋದ್ರಲ್ಲ?"

"ಎಲ್ಲಿಗೆ ಹೋಗ್ತಾರೆ?" ಅವಳು ಪಿಸುಗುಟ್ಟಿದಳು. "ನೀವು ಮೊದಲನೇ ತಂಗುದಾಣ ದಾಟಿದ್ರಿ ಅಂತ ಕೇಳಿದ್ದೇ ತಡ, ಮೈ ಬೆವರಿ ಜ್ವರ ಇಳೀತು. ಎದ್ದು ಕೂತು ಬ್ರೆಡ್ಡು ಕೇಳಿದ್ರು, ಗಡ್ಡ ತೆಗೆಸ್ಕೊಂಡ್ರು. ಈ ಮಳೇಲಿ ಮೈದಾನಕ್ಕೆ ಬರ್ತೀನಿ ಅಂತ ಹಟ. ಬೇಡ ಅಂದಿದ್ದಕ್ಕೆ ಹಾಲಿನ ಬಟ್ಟಲು ಎಸೆದ್ರು. ಅತ್ತೂ ಅತ್ತೂ ಸಾಕಾಯ್ತು ನಂಗೆ. ಕೊನೆಗೆ ಬೇಕರಿಯವರಿಗೆ ಹೇಳಿ ಕುರ್ಚಿ ಹಾಕಿಸಿದ್ವಿ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ? ಬಾಯಿ ಮುಚ್ಕೊಂಡು ಆ ಕಡೆ ತಿರುಗಿ ಅತ್ತೆಯಲ್ಲ..."

"ಅಳಲಿಲ್ಲ ರೀ, ಹೇಳ್ಬಿಡ್ತೀನೇನೋ ಅಂತ ಬಾಯಿ ಮುಚ್ಕೊಂಡೆ. ನೀವು ಹೊರಟಿದ್ದೇ ಅಪ್ಪ ಸಾಯ್ತಾರೆ ಅಂತ. ಬದುಕಿದಾರೆ ಅಂತ ಗೊತ್ತಾದ್ರೆ ಅಲ್ಲೇ ಇಳಿದ್ಬಿಡ್ತಿದ್ರಿ ಅಂದ್ರು ಟೀಚರಮ್ಮ."

ಗಾಜು ಸುಳ್ಳು ಹೇಳಲು ಹೋಗಲಿಲ್ಲ. ಇಳಿದುಬಿಡುತ್ತಿದ್ದ.

ಕಂಬಳಿಯಿಂದ ಒಂದು ಕೈ ಹೊರಬಂದು ಅವನ ಮಣಿಕಟ್ಟು ಹಿಡಿಯಿತು. ಈಗ ಅದು ತಣ್ಣಗಿತ್ತು, ಹಿಡಿತ ಮಾತ್ರ ಪೊಲೀಸಿನದು. "ನೀನು ಮೈಕಲ್ಲಿ ಹೇಳಿದ್ದು ಕೇಳಿಸ್ಕೊಂಡೆ ಕಣೋ. ಬದುಕಿರೋವರೆಗೆ ಪ್ರತಿ ವರ್ಷ ಅಂದೆ. ಇಷ್ಟು ವರ್ಷ ನಿನ್ನ ಬಗ್ಗೆ ತಪ್ಪು ತಿಳ್ಕೊಂಡಿದ್ದೆ." ಸುತ್ತಲಿನ ಕುರ್ಚಿಗಳಲ್ಲಿ ಬೀದಿಗೆ ಬೀದಿಯೇ ಮೂಗೊರೆಸಿಕೊಂಡಿತು. ಅಷ್ಟು ಜನರ ಮುಂದೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವ ಒಂದು ದಾರಿಯೂ ಗಾಜುವಿಗೆ ಹೊಳೆಯಲಿಲ್ಲ. ಮಾವ ಬದುಕಿದ್ದಕ್ಕೆ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಅದೇ ಹೊತ್ತಿಗೆ ಇಡೀ ಕಣಿವೆಯುದ್ದಕ್ಕೂ ಸುರಿಸಿದ ಕಣ್ಣೀರನ್ನು ಯಾರಾದರೂ ಹಿಂದಿರುಗಿಸಿದರೆ ಚೆನ್ನಾಗಿತ್ತು ಅನಿಸಿತು.

ಪಶುವೈದ್ಯೆ ಅತ್ತಿಗೆಯನ್ನು ಕೊನೆಯ ಸಲ ಪರೀಕ್ಷೆ ಮಾಡಿ ಮಾವನ ಹತ್ತಿರ ಬಂದಳು. "ಸವಾರಿ ಪೂರೈಸಿದ್ದಾಳೆ. ಆದರೆ ವಯಸ್ಸಾಯ್ತು. ಇನ್ನು ಇಂಥ ದಾರಿ ಬೇಡ, ಆರಾಮವಾಗಿ ಹುಲ್ಲು ತಿಂದ್ಕೊಂಡಿರಲಿ."

ಗಾಜುವಿನ ಎದೆಯಲ್ಲಿ ಸಣ್ಣದೊಂದು ಕಿಟಕಿ ತೆರೆದಂತಾಯಿತು. ಕುದುರೆ ಇಲ್ಲದೆ ಸವಾರಿ ಎಲ್ಲಿಯದು? ಅವನು ಆದಷ್ಟು ದುಃಖದ ಮುಖ ಮಾಡಿಕೊಂಡ. "ಹಾಗಾದ್ರೆ ಮುಂದಿನ ವರ್ಷ... ಏನು ಮಾಡೋಕಾಗತ್ತೆ ಮಾವ, ಅತ್ತಿಗೆ ಇಲ್ಲದೆ ನಾನು ಹೇಗೆ..."

"ಅದರ ವ್ಯವಸ್ಥೆ ಆಗಿದೆ" ಅಂದರು ಮಾವ.

ಪಕ್ಕದ ಕುರ್ಚಿಯಿಂದ ಒಂದು ನೆರಳು ಎದ್ದು ನಿಂತಿತು. ದನಿಯಿಂದ ಗುರುತು ಹತ್ತಿತು, ಕಲ್ಲುಬಯಲಿನ ಮೇಲೆ ಕುದುರೆ ಕಳೆದುಕೊಂಡವನು. ಅವನ ತೋಳಿನ ಮೇಲೆ ಒದ್ದೆ ಕೋಟು ಮಡಚಿ ಇಟ್ಟಿತ್ತು.

"ನಾನು ಇನ್ನು ಹತ್ತಲ್ಲ ಸ್ವಾಮಿ" ಅಂದ ಅವನು ಮೆಲ್ಲಗೆ. "ಆಗಲ್ಲ ನನ್ನ ಕೈಲಿ. ಇವತ್ತು ಅಂತ ಅಲ್ಲ, ಇನ್ನು ಯಾವತ್ತೂ ಅದರ ಕಣ್ಣೇ ಎದುರಿಗೆ ಬರತ್ತೆ. ನೀವು ನಿಂತು ಮರೆ ಹಿಡಿದ್ರಲ್ಲ, ಅಂಥವರ ಮನೇಲಿ ಇರ್ಬೇಕು ಕುದುರೆ. ಅದರ ತಮ್ಮ ಒಬ್ಬ ಇದಾನೆ, ಒಂದೇ ತಾಯಿ ಮಕ್ಕಳು. ನಾಳೆ ಬೆಳಿಗ್ಗೆ ನಿಮ್ಮ ಲಾಯಕ್ಕೆ ತಂದು ಕಟ್ತೀನಿ. ಬೇಡ ಅನ್ಬೇಡಿ."

ಬೇಡ ಅನ್ನುವುದು ಹೇಗೆ? ಗಾಜು ಆ ಮನುಷ್ಯನ ಎರಡೂ ಕೈ ಹಿಡಿದುಕೊಂಡ. ಇಬ್ಬರ ಕೈಯೂ ನಡುಗುತ್ತಿತ್ತು, ಬೇರೆ ಬೇರೆ ಕಾರಣಕ್ಕೆ.

"ಸಾಧುವಾ?" ಎಂದು ಕೊನೆಗೆ ಕೇಳಿದ.

ಉತ್ತರ ಬಂದದ್ದು ಕಂಬಳಿಯೊಳಗಿಂದ, ಬಹಳ ದಿನಗಳ ಮೇಲೆ ತುಂಬಿ ಬಂದ ಗಂಟಲಿನಲ್ಲಿ.

"ಇಲ್ಲಿವರೆಗೆ ಅವನು ಯಾರನ್ನೂ ಬೆನ್ನ ಮೇಲೆ ಉಳಿಸ್ಕೊಂಡಿಲ್ಲವಂತೆ. ಹತ್ತೋಕೆ ಹೋದವರಲ್ಲಿ ಒಬ್ಬನಿಗೆ ಸೊಂಟ ಮುರೀತು, ಒಬ್ಬನಿಗೆ ಪಕ್ಕೆಲುಬು. ಯೋಚನೆ ಮಾಡ್ಬೇಡ, ಡಾಕ್ಟರು ನಂಗಿನ್ನು ಏನೂ ಭಯ ಇಲ್ಲ ಅಂದಿದಾರೆ. ದಿನಾ ಬೆಳಿಗ್ಗೆ ನಾನೇ ಪಕ್ಕದಲ್ಲಿ ನಿಂತು ಹತ್ತಿಸ್ತೀನಿ."

ಗಾಜು ಆಸರೆಗೆಂದು ಅತ್ತಿಗೆಯ ಹೆಗಲಿಗೆ ಒರಗಿದ. ಅವಳು ಒಂದು ಹೆಜ್ಜೆ ಆಚೆ ಸರಿದು, ಹುಲ್ಲಿಗೆ ಬಾಯಿ ಹಾಕಿದಳು.